ಕಾಣದವರ ಪಾಲಿಗೆ ಬಂದ ಚಾಪೆ

ಮತ್ತೆ ಬಾಯಿ ಹಾಕಿದೆಯಾ ಪುಟ್ಟಿ? ಕತೆ ಇನ್ನೂ ಹೊಸ್ತಿಲು ದಾಟಿಲ್ಲ, ಆಗಲೇ ಮೂರು ಸಲ ಅಡ್ಡ ಬಂದಾಯ್ತು. ಮೊದಲ ಸಲ ನೀರು ಬೇಕು ಅಂದೆ, ಕೊಟ್ಟೆ. ಎರಡನೇ ಸಲ ಉಚ್ಚೆ ಅಂದೆ, ಕರಕೊಂಡು ಹೋದೆ. ಈಗ ಇರುವೆ ಕಚ್ಚಿತು ಅಂತೀಯ. ಇರುವೆಗೂ ಕತೆ ಕೇಳಬೇಕು ಅನಿಸಿದೆ, ಬಂದಿದೆ. ಅದು ಹೇಗೆ ಸುಮ್ಮನೆ ಕೂತಿದೆ ನೋಡು, ನೀನೂ ಕೂತುಕೋ, ಕತೆ ಮುಗಿದ ಮೇಲೆ ಎಷ್ಟು ಬೇಕಾದರೂ ಕೇಳು. ಜಯಶೀಲಕ್ಕ, ನಿಮಗೂ ಅಷ್ಟೇ ಹೇಳೋದು. ಅವರೆಕಾಯಿ ಸುಲಿಯೋ ಕೈ ಸುಲಿಯುತ್ತಿರಲಿ, ಬಾಯಿಗೆ ಸ್ವಲ್ಪ ರಜೆ ಕೊಡಿ.

ಹೂಂ, ಕೇಳಿ.

ಒಂದು ಊರು. ಯಾವ ಊರು ಅನ್ನಬೇಡಿ, ಹೆಸರಿಟ್ಟು ಕರೆದರೆ ಮುನಿಸಿಕೊಂಡು ಎದ್ದು ಹೋಗುವ ಊರು ಅದು. ಯಾವ ಕಾಲ ಅಂತಲೂ ಕೇಳಬೇಡಿ. ಕೋಳಿಗಿಂತ ಮೊದಲು ಕನಸುಗಳು ಎದ್ದು ಮುಖ ತೊಳೆಯುತ್ತಿದ್ದ ಕಾಲ. ಊರ ಮುಂದೆ ಒಂದು ಕೆರೆ. ಕೆರೆಯ ತುಂಬ ಜೊಂಡು ಹುಲ್ಲು. ಗಾಳಿ ಬಂದರೂ ತೂಗುತ್ತಿತ್ತು, ಬಾರದಿದ್ದರೂ ತೂಗುತ್ತಿತ್ತು. ಮಧ್ಯಾಹ್ನವಾದರೆ ಆ ಊರಲ್ಲಿ ಜನ ಮಲಗುತ್ತಿದ್ದರು, ದನ ಮಲಗುತ್ತಿದ್ದವು, ಗೋಡೆಗೆ ಒರಗಿಕೊಂಡು ನೆರಳುಗಳೂ ಮಲಗುತ್ತಿದ್ದವು.

ಆ ಊರಿಗೆ ಒಂದು ಕಟ್ಟಳೆ ಇತ್ತು. ಈಗಿನವರು ಉಯಿಲು ಅಂತ ಕಾಗದದಲ್ಲಿ ಬರೆಸುತ್ತಾರೆ, ಹೆಬ್ಬೆಟ್ಟು ಒತ್ತುತ್ತಾರೆ, ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಅಲ್ಲಿ ಹಾಗಲ್ಲ. ತಲೆ ಪೂರ್ತಿ ಬೆಳ್ಳಗಾದವರು ಒಂದು ಬೆಳಿಗ್ಗೆ ಚಾವಡಿಗೆ ಬರಬೇಕು. ಊರೆಲ್ಲ ಸೇರಬೇಕು. ತಮಗಿರುವುದನ್ನು ಮೂರು ಪಾಲು ಮಾಡಿ ಬಾಯಲ್ಲೇ ಹೇಳಬೇಕು. ಮೊದಲನೆಯದು ಮನೆಯವರ ಪಾಲು. ಎರಡನೆಯದು ಚಟ್ಟಕ್ಕೆ ಹೆಗಲು ಕೊಡುವವರ ಪಾಲು. ಮೂರನೆಯದು ಕಾಣದವರ ಪಾಲು.

ಕಾಣದವರು ಅಂದರೆ ಯಾರು? ದೆವ್ವ ಅಲ್ಲ ಪುಟ್ಟಿ, ಕಾಲು ಮಡಚಿಕೊಳ್ಳಬೇಡ. ದಾರಿಹೋಕರು. ಪಾಲು ಕೊಡುವವರು ಯಾವತ್ತೂ ಮುಖ ನೋಡದವರು. ನಾಳೆಯೋ, ಬರುವ ವರ್ಷವೋ, ಕೊಟ್ಟವರು ಮಣ್ಣಾದ ಎಷ್ಟೋ ಕಾಲದ ಮೇಲೋ ದಣಿದು ಆ ಊರಿಗೆ ಬರುವವರು. ಮೂರೂ ಪಾಲು ಹೇಳಿ ಮುಗಿಸಿ ಒಂದು ತುಂಡು ಬೆಲ್ಲ ಕಚ್ಚಿ ನುಂಗಬೇಕು. ಬೆಲ್ಲ ಗಂಟಲಿನಿಂದ ಇಳಿಯಿತು ಅಂದರೆ ಮಾತು ಗಟ್ಟಿಯಾಯಿತು. ಆಮೇಲೆ ದೇವರೇ ಬಂದು ಕೇಳಿಕೊಂಡರೂ ತಿದ್ದುವ ಹಾಗಿಲ್ಲ.

ಎಂಥ ಒಳ್ಳೆಯ ಕಟ್ಟಳೆ ಅಂತೀರಿ ಅಲ್ಲವಾ? ಕಟ್ಟಳೆ ಒಳ್ಳೆಯದೇ. ಜನವೂ ಒಳ್ಳೆಯವರಿರಬೇಕಲ್ಲ! ಮೂರನೇ ಪಾಲಿಗೆ ಏನು ಕೊಡುತ್ತಿದ್ದರು ಗೊತ್ತಾ? ಹಿಡಿ ಇಲ್ಲದ ಕುಡುಗೋಲು. ಕಾಲು ಮುರಿದ ಮಣೆ. ಬಿರುಕು ಬಿಟ್ಟ ಮಡಕೆ. ಒಬ್ಬ ಮಹಾನುಭಾವ ಒಂದೇ ಒಂದು ಚಪ್ಪಲಿ ಕೊಟ್ಟಿದ್ದ. ಇನ್ನೊಂದನ್ನು ನಾಯಿ ಕಚ್ಚಿಕೊಂಡು ಹೋಗಿತ್ತಂತೆ. ಚಾವಡಿಯಲ್ಲಿ ನಿಂತು ಎದೆ ಉಬ್ಬಿಸಿ, "ನನ್ನ ಚಪ್ಪಲಿ ಕಾಣದವರಿಗೆ" ಅಂದನಂತೆ. ಊರೆಲ್ಲ ತಲೆದೂಗಿತಂತೆ.

ಇದನ್ನೆಲ್ಲ ತುಂಬಿಡಲು ಊರ ತುದಿಯಲ್ಲಿ ಒಂದು ಕೋಣೆ. ಕಾಣದವರ ಕೋಣೆ. ಅದನ್ನು ಕಾಯುವವನು ಬೆಟ್ಟಯ್ಯ ಅಂತ ಒಬ್ಬ ಮುದುಕ. ಕಣ್ಣು ಮಂದ, ಕಿವಿ ಮಾತ್ರ ಬಲು ಚುರುಕು. ಅವನ ಕೆಲಸ ಒಂದೇ. ಬಂದವರು ತನಗೆ ಗುರುತಿರುವವರಾದರೆ ಬಾಗಿಲು ಹಾಕುವುದು, ಗುರುತಿಲ್ಲದವರಾದರೆ ತೆಗೆಯುವುದು. ಅದೂ ಒಂದೇ ಒಂದು ಮಧ್ಯಾಹ್ನಕ್ಕೆ. ಯಾಕೆ ಅಂದರೆ, ಒಂದು ಹೊತ್ತು ಜೊತೆಗೆ ಕೂತವರು ಮಾರನೇ ದಿನ ಪರಿಚಯದವರಾಗಿಬಿಡುತ್ತಾರಲ್ಲ! ಆಮೇಲೆ ಅವರು ಕಾಣದವರು ಹೇಗಾಗುತ್ತಾರೆ?

ಇಂಥ ಊರಲ್ಲಿ ಮಾಯಿಗಮ್ಮ ಅಂತ ಒಬ್ಬಳು ಚಾಪೆ ಹೆಣೆಯುವ ಮುದುಕಿ. ಮಗ ಜವರ, ಮಗಳು ದೇವೀರಿ. ಹೊರಗಿನವರಿಗೆ ಹೆಣೆದ ಚಾಪೆಗೆ ಲೆಕ್ಕವಿಲ್ಲ. ತನಗೆ ಅಂತ ಹೆಣೆದದ್ದು ಒಂದೇ. ಒಂದು ವರ್ಷ ಜೊಂಡು ಆರಿಸಿ ಕೊಯ್ದಳು, ಒಂದು ವರ್ಷ ನೆರಳಲ್ಲಿ ಒಣಗಿಸಿದಳು, ಒಂದು ವರ್ಷ ಹೆಣೆದಳು. ಒಂದೊಂದು ಎಳೆ ಸೇರಿಸುವಾಗಲೂ ಬಗ್ಗಿ ಅದಕ್ಕೆ ಏನೋ ಪಿಸುಗುಡುತ್ತಿದ್ದಳು. ಏನು ಹೇಳಿದಳು? ಅವಳಿಗೆ ಗೊತ್ತು, ಜೊಂಡಿಗೆ ಗೊತ್ತು.

ಆ ಚಾಪೆಯ ಮೇಲೆ ಮಧ್ಯಾಹ್ನ ಮಲಗಿದರೆ, ಮಲಗಿದವರು ಯಾರನ್ನು ನೋಡಬೇಕು ಅಂತ ಒಳಗೊಳಗೇ ಸಾಯುತ್ತಿರುತ್ತಾರೋ ಅವರು ಕನಸಿಗೆ ಬರುತ್ತಿದ್ದರು. ದಿನಕ್ಕೆ ಒಬ್ಬರಿಗೆ, ಒಂದು ಸಲ. ಅಷ್ಟೇ.

ದೇವೀರಿಗೆ ಒಬ್ಬಳು ಮಗಳಿದ್ದಳು, ಚೆಲುವಿ. ಐದು ವರ್ಷದ ಕೂಸು. ಸೋಮವಾರ ಜ್ವರ ಬಂತು, ಮಂಗಳವಾರ ಏರಿತು, ಬುಧವಾರ ಕೂಸು ಇರಲಿಲ್ಲ.

ಸುಮ್ಮನಿರು ಪುಟ್ಟಿ. ಹತ್ತಿರ ಬಾ. ಹೂಂ.

ಅವತ್ತಿನಿಂದ ದೇವೀರಿ ದಿನಾ ಮಧ್ಯಾಹ್ನ ಅವ್ವನ ಮನೆಗೆ ಬಂದು ಆ ಚಾಪೆಯ ಮೇಲೆ ಮಲಗುತ್ತಿದ್ದಳು. ಕನಸಿನಲ್ಲಿ ಜೊಂಡು ಎರಡು ಕಡೆ ಸರಿಯುತ್ತಿತ್ತು. ನಡುವಿನಿಂದ ಚೆಲುವಿ ಒದ್ದೆ ಕಾಲಲ್ಲಿ ಓಡಿ ಬರುತ್ತಿದ್ದಳು. ಮಡಿಲಲ್ಲಿ ಕೂರುತ್ತಿದ್ದಳು. "ಅವ್ವಾ" ಅನ್ನುತ್ತಿದ್ದಳು. ಅಷ್ಟರಲ್ಲಿ ಎಚ್ಚರ. ಒಂದು ವರ್ಷ ಹೀಗೆ. ಎರಡು ವರ್ಷ ಹೀಗೆ. ಮೂರು ವರ್ಷ ಹೀಗೆ. ಅದೇ ಜೊಂಡು, ಅದೇ ಒದ್ದೆ ಕಾಲು, ಅದೇ ಒಂದು ಮಾತು, ಅದೇ ಐದು ವರ್ಷದ ಕೂಸು. ಇತ್ತ ದೇವೀರಿಯ ಮನೆಯಲ್ಲಿ ಒಲೆ ಹತ್ತುತ್ತಿರಲಿಲ್ಲ. ಗಂಡ ಹಸಿ ಈರುಳ್ಳಿ ಕಡಿದುಕೊಂಡು ತಂಗಳು ಮುದ್ದೆ ನುಂಗುತ್ತಿದ್ದ. ಅವಳಿಗೆ ಬೆಳಗೂ ಬೇಡ, ಸಂಜೆಯೂ ಬೇಡ. ದಿನದಲ್ಲಿ ಒಂದು ಮಧ್ಯಾಹ್ನ ಇದ್ದರೆ ಸಾಕು.

ಮಾಯಿಗಮ್ಮನ ತಲೆ ಪೂರ್ತಿ ಬೆಳ್ಳಗಾಯಿತು. ಒಂದು ಬೆಳಿಗ್ಗೆ ಚಾವಡಿಗೆ ಬಂದಳು. ಊರೆಲ್ಲ ಸೇರಿತು.

"ಮನೆ, ಹೊಲ ನನ್ನ ಮಗ ಜವರನಿಗೆ" ಅಂದಳು. ಜವರನ ಹೆಂಡತಿ ನಿಂತಲ್ಲೇ ಮನಸ್ಸಿನಲ್ಲಿ ಒಲೆಯನ್ನು ಆ ಗೋಡೆಯಿಂದ ಈ ಗೋಡೆಗೆ ತಂದಿಟ್ಟಳು.

"ಕರೆಯೋ ಹಸು ಹೆಗಲು ಕೊಡುವವರಿಗೆ. ನಾನೇನು ಭಾರ ಇಲ್ಲ ಬಿಡಿ, ಒಂದು ಕೈಯಲ್ಲಿ ಎತ್ತಬಹುದು. ಹಾಲು ಕುಡಿಯುವಾಗ ನೆನೆಸಿಕೊಳ್ಳಿ, ಸಾಕು."

ಜನ ನಕ್ಕರು. ದೇವೀರಿ ನಗಲಿಲ್ಲ. ಅವಳು ಕಾಯುತ್ತಿದ್ದಳು. ಮನೆಯವರ ಪಾಲು ಮುಗಿದೇ ಹೋಯಿತು, ಚಾಪೆಯ ಮಾತು ಬರಲೇ ಇಲ್ಲ. ಅವ್ವ ಮರೆತಳಾ?

"ನನ್ನ ಚಾಪೆ" ಅಂದಳು ಮಾಯಿಗಮ್ಮ, "ಕಾಣದವರಿಗೆ."

ಚಾವಡಿಯ ಕತ್ತುಗಳೆಲ್ಲ ಒಟ್ಟಿಗೆ ದೇವೀರಿಯ ಕಡೆ ತಿರುಗಿದವು.

"ಅವ್ವಾ, ನಿನಗೇನು ಅರಳು ಮರಳಾ?" ಅಂದ ಜವರ. "ಅದಕ್ಕೆ ಅಂತ ಆ ಹಳೇ ಒರಳು ಎತ್ತಿಟ್ಟಿದ್ದೆನಲ್ಲ!"

"ಒರಳು ನೀನೇ ಇಟ್ಟುಕೋ ಮಗ. ಒಡೆದು ಎರಡಾಗಿದೆ, ನಿನ್ನ ಪಾಲಿಗೂ ಬಂತು, ಹೆಂಡತಿ ಪಾಲಿಗೂ ಬಂತು."

ದೇವೀರಿ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. ಮಾಯಿಗಮ್ಮನ ಕೈಯಲ್ಲಿ ಆಗಲೇ ಬೆಲ್ಲದ ತುಂಡು.

"ಅವ್ವಾ, ಕಚ್ಚಬೇಡ! ನಿನ್ನ ಕಾಲು ಹಿಡೀತೀನಿ, ಬೆಲ್ಲ ಕಚ್ಚಬೇಡ! ನಾನು ನಿನ್ನ ಮಗಳು ಕಣವ್ವ. ನನ್ನ ಕೂಸು ಇರೋದು ಆ ಚಾಪೇಲಿ. ಗುರುತು ಪರಿಚಯ ಇಲ್ಲದವರಿಗೆ ನನ್ನ ಕೂಸನ್ನ ಕೊಡ್ತೀಯಾ?"

ಮಾಯಿಗಮ್ಮ ಮಗಳನ್ನು ನೋಡಿದಳು. ಆಮೇಲೆ ಊರನ್ನು ನೋಡಿದಳು.

"ಮೂವತ್ತು ವರ್ಷದ ಹಿಂದೆ ಈ ಊರಿಗೆ ಬಂದೆ ನಾನು. ಬೆರಳು ಹಿಡಿದುಕೊಂಡು ಜವರ, ಸೊಂಟದ ಮೇಲೆ ನೀನು. ಜಡಿಮಳೆ ಹಿಡಿದ ಮಧ್ಯಾಹ್ನ, ಕಾಣದವರ ಕೋಣೇಲಿ ಮಲಗಿಸಿದರು. ಹೊದೆಯೋಕೆ ಒಂದು ಕಂಬಳಿ ಸಿಕ್ಕಿತು. ಅದರಲ್ಲಿ ಕಂಬಳಿ ಕಡಿಮೆ, ತೂತು ಜಾಸ್ತಿ. ನೀನು ಅತ್ತೂ ಅತ್ತೂ ನೀಲಿಯಾದೆ. ಅವತ್ತೇ ಅಂದುಕೊಂಡೆ, ಈ ಜನ ಸಾಯೋ ಮುಂಚೆ ಮನೆ ಗುಡಿಸ್ತಾರೆ, ಅದನ್ನೇ ದಾನ ಅಂತ ಕರೀತಾರೆ. ನಾನು ಹಾಗೆ ಮಾಡಲ್ಲ ಅಂತ ಅವತ್ತೇ ಆಣೆ ಇಟ್ಟುಕೊಂಡೆ."

ಅಷ್ಟು ಹೇಳಿ ಬೆಲ್ಲ ಕಚ್ಚಿದಳು.

"ಉಗಿ ಅವ್ವಾ! ಉಗಿದುಬಿಡು ಅಂತೀನಿ!"

ಮಾಯಿಗಮ್ಮ ನುಂಗಿದಳು. ಚಾಪೆ ಸುರುಳಿ ಸುತ್ತಿಕೊಂಡು ಬೆಟ್ಟಯ್ಯನ ಹೆಗಲೇರಿತು. ಮೂರನೇ ದಿನ ಮಾಯಿಗಮ್ಮ ಬರೀ ನೆಲದ ಮೇಲೆ ಮಲಗಿದವಳು ಏಳಲಿಲ್ಲ. ಆ ಮೂರು ದಿನವೂ ದೇವೀರಿ ಅವ್ವನ ಜೊತೆ ಮಾತಾಡಿರಲಿಲ್ಲ. ಇದೂ ನಡೆದದ್ದೇ, ಅದಕ್ಕೆ ಹೇಳಿದೆ.

ಈಗ ದೇವೀರಿ ಏನು ಮಾಡಬೇಕು ಹೇಳಿ. ಮಧ್ಯಾಹ್ನ ಬರುತ್ತದೆ, ಚಾಪೆ ಇಲ್ಲ. ನೆಲದ ಮೇಲೆ ಮಲಗುತ್ತಾಳೆ, ಕನಸಿಲ್ಲ. ಕೂಸು ಅಲ್ಲಿ ಜೊಂಡಿನ ನಡುವೆ ನಿಂತು ಕಾಯುತ್ತಿದೆಯೋ ಏನೋ! ಅವಳು ಯೋಚಿಸಿದಳು. ಚಾಪೆ ಕಾಣದವರಿಗೆ ತಾನೇ? ನಾನೇ ಕಾಣದವಳಾಗಿ ಹೋದರೆ?

ಮೊದಲ ಸಲ, ದೂರದ ಊರಿನವರ ಹಾಗೆ ಸೀರೆ ಉಟ್ಟು, ಮುಖದ ಮೇಲೆ ಸೆರಗು ಎಳೆದುಕೊಂಡು, ದನಿ ಬದಲಿಸಿ ಹೋದಳು.

"ಬೆಟ್ಟದಾಚೆ ಊರು ತಾತ. ದಣಿದಿದೀನಿ."

"ಬಾ ತಾಯಿ, ಮೊದಲು ನೀರು ಕುಡಿ" ಅಂದ ಬೆಟ್ಟಯ್ಯ. ಅವಳು ಕುಡಿದಳು. ಕುಡಿದು, ಚೊಂಬು ತೊಳೆದು, ಬಾಗಿಲ ಪಕ್ಕದ ಕಲ್ಲಿನ ಮೇಲೆ ಬೋರಲು ಹಾಕಿದಳು.

ಬೆಟ್ಟಯ್ಯ ನಕ್ಕ. "ಬೆಟ್ಟದಾಚೆಯವರು ಚೊಂಬು ಎಲ್ಲಿಡಲಿ ಅಂತ ಕೇಳ್ತಾರೆ. ಕೇಳದೆ ಆ ಕಲ್ಲಿನ ಮೇಲೆ ಬೋರಲು ಹಾಕೋದು ನಮ್ಮೂರ ಹೆಣ್ಣುಮಕ್ಕಳು ಮಾತ್ರ. ಮನೆಗೆ ಹೋಗು ದೇವೀರಿ."

ಎರಡನೇ ಸಲ, ಮೈಗೆಲ್ಲ ಬೂದಿ ಬಳಿದುಕೊಂಡು, ಕೈಯಲ್ಲಿ ಕೋಲು ಹಿಡಿದು, ಮೌನವ್ರತದ ಸನ್ಯಾಸಿನಿಯಾಗಿ ಹೋದಳು. ನೀರು ಕೊಟ್ಟರೆ ಮುಟ್ಟಲಿಲ್ಲ. ಹೆಸರು ಕೇಳಿದರೆ ಆಕಾಶ ತೋರಿಸಿದಳು. ಬೆಟ್ಟಯ್ಯ ಕೈ ಮುಗಿದ, ಬಾಗಿಲು ಅರ್ಧ ತೆಗೆದ. ಅಷ್ಟರಲ್ಲಿ ಊರ ಕೆಂದ ನಾಯಿ ಓಡಿ ಬಂದು ಅವಳ ಕಾಲು ನೆಕ್ಕಿ, ನೆಲಕ್ಕೆ ಬಿದ್ದು ಹೊಟ್ಟೆ ತೋರಿಸಿತು.

"ಸನ್ಯಾಸಿನಿ ತಾಯಿ, ಈ ನಾಯಿಗೆ ನೀನು ಬಾಣಂತನ ಮಾಡಿದ್ದೆಯಲ್ಲ, ಅದು ಮರೆತಿಲ್ಲ. ನಾನೂ ಮರೆತಿಲ್ಲ. ಮನೆಗೆ ಹೋಗವ್ವ."

ಬಾಗಿಲು ಮತ್ತೆ ಮುಚ್ಚಿತು. ಆಗ ದೇವೀರಿಗೆ ಅರ್ಥವಾಯಿತು. ವೇಷ ಹಾಕಿದರೆ ಆಗುವುದಿಲ್ಲ. ನಿಜವಾಗಿಯೂ ಕಾಣದವಳಾಗಬೇಕು. ಎದ್ದು ನಡೆದಳು. ಒಂದು ದಿನ ನಡೆದಳು, ಗುರುತಿನ ಮರಗಳು ಮುಗಿದವು. ಎರಡು ದಿನ ನಡೆದಳು, ಗುರುತಿನ ಮಾತು ಮುಗಿಯಿತು. ಮೂರು ದಿನ ನಡೆದಳು, ಯಾರೋ ಹೆಸರು ಕೇಳಿದರೆ ತನ್ನ ಹೆಸರೇ ನಾಲಿಗೆಗೆ ಬರಲಿಲ್ಲ. ಕಾಲು ಒಡೆದಿತ್ತು. ಕೂದಲು ಗಂಟುಗಟ್ಟಿತ್ತು. ದನಿ ಒಣಗಿ ಬೇರೆ ಯಾರದೋ ಆಗಿತ್ತು. ಸಾಕು ಅಂದುಕೊಂಡಳು. ಹಿಂದಕ್ಕೆ ಹೊರಟಳು.

ದಾರಿಯಲ್ಲಿ ಹೊಂಗೆ ಮರದ ಕೆಳಗೆ ಒಬ್ಬ ಹೆಂಗಸು. ಅವಳು ನಿಜವಾಗಿ ಕಾಣದವಳು. ನಿಂತಿದ್ದಳು, ಆದರೆ ನಿಂತಲ್ಲೇ ತೂಗುತ್ತಿದ್ದಳು, ಗಾಳಿ ಇಲ್ಲದಾಗ ಜೊಂಡು ತೂಗುತ್ತದಲ್ಲ ಹಾಗೆ. ಹೊಳೆ ಉಕ್ಕಿ ಗಂಡನೂ ಮನೆಯೂ ಒಟ್ಟಿಗೆ ಹೋಗಿದ್ದವು. ಅವತ್ತಿನಿಂದ ಕಣ್ಣು ಮುಚ್ಚಿದರೆ ನೀರಿನ ಸದ್ದು. ನಿದ್ದೆ ಅಂದರೆ ಏನು ಅಂತಲೇ ಮರೆತಿದ್ದಳು. ದೇವೀರಿ ಅವಳ ತೋಳು ಹಿಡಿದುಕೊಂಡಳು. ಪಾಪ ಅಂತಲ್ಲ, ದಾರಿ ಒಂದೇ ಆಗಿತ್ತು ಅಂತ. ಇಬ್ಬರೂ ಮಧ್ಯಾಹ್ನದ ಹೊತ್ತಿಗೆ ಕೋಣೆಯ ಮುಂದೆ ಬಂದು ನಿಂತರು.

ಕೆಂದ ನಾಯಿ ಬಂತು. ದೇವೀರಿಯ ಕಾಲು ಮೂಸಿತು. ಸುಮ್ಮನೆ ಹೋಯಿತು.

"ಯಾರ ಮನೆಯವಳಮ್ಮ?" ಕೇಳಿದ ಬೆಟ್ಟಯ್ಯ.

"ಯಾರದೂ ಅಲ್ಲ."

"ಯಾವೂರು?"

"ಹಿಂದೆ ಬಿಟ್ಟು ಬಂದೆ."

"ಹೆಸರು?"

ದೇವೀರಿ ಬಾಯಿ ತೆರೆದಳು. ಏನೂ ಬರಲಿಲ್ಲ.

ಬೆಟ್ಟಯ್ಯ ಬಹಳ ಹೊತ್ತು ಅವಳ ಕಡೆ ಕಿವಿಯಿಟ್ಟು ಕೂತ. ಗುರುತು ಸಿಗಲಿಲ್ಲವೋ, ಸಿಕ್ಕಿದರೂ ನುಂಗಿಕೊಂಡನೋ, ಅವನೊಬ್ಬನಿಗೇ ಗೊತ್ತು. "ಇಬ್ಬರೂ ನನಗೆ ಗುರುತಿಲ್ಲ" ಅಂದ. "ಬನ್ನಿ. ಆದರೆ ಚಾಪೆ ಒಂದೇ. ಕನಸೂ ಒಂದೇ. ಇವತ್ತು ಒಬ್ಬರಿಗೆ. ಇನ್ನೊಬ್ಬರಿಗೆ ನಾಳೆ ಇಲ್ಲ, ನಾಳೆಗೆ ನೀವು ನನಗೆ ಪರಿಚಯದವರಾಗ್ತೀರಿ."

ಒಳಗೆ ಮುರಿದ ಮಣೆಗಳ, ಬಿರುಕು ಮಡಕೆಗಳ ನಡುವೆ ಚಾಪೆ ಹಾಸಿತ್ತು. ಹೊಸ ಬೆಣ್ಣೆಯ ಬಣ್ಣ. ದೇವೀರಿಯ ಮೈಯೆಲ್ಲ ಅದರ ಕಡೆಗೆ ಹರಿಯಿತು. ಒಂದು ಹೆಜ್ಜೆ ಇಟ್ಟಳು. ಎರಡು ಇಟ್ಟಳು.

"ನೀವು ಮಲಗಿ ತಾಯಿ" ಅಂದಳು ಆ ಹೆಂಗಸು. "ನಾನು ಇಲ್ಲೇ ಗೋಡೆಗೆ ಒರಗ್ತೀನಿ." ಅಂದು, ಮೂಲೆಯಲ್ಲಿ ಬಿದ್ದಿದ್ದ ಒಂದು ಕಂಬಳಿ ಎಳೆದು ಹೆಗಲಿಗೆ ಹಾಕಿಕೊಂಡಳು. ಅದರ ತೂತಿನಿಂದ ಅವಳ ಒಂದು ಭುಜ ಪೂರ್ತಿ ಹೊರಗೆ ಬಂತು.

ದೇವೀರಿ ಆ ತೂತನ್ನು ನೋಡುತ್ತಾ ನಿಂತಳು. ಒಂದು ಗಳಿಗೆ ನೋಡಿದಳು. ಎರಡು ಗಳಿಗೆ ನೋಡಿದಳು. ಮೂರನೇ ಗಳಿಗೆ ನೋಡಲಾಗಲಿಲ್ಲ.

"ಏ, ತೆಗಿ ಅದನ್ನ!" ಅಂತ ಗದರಿದಳು. "ಬಾ ಇಲ್ಲಿ. ಬಾ ಅಂದೆನಲ್ಲ! ಮಲಗು. ನಾನು ಮನಸ್ಸು ಬದಲಾಯಿಸೋಕೆ ಮುಂಚೆ ಮಲಗಿಬಿಡು."

ಆ ಹೆಂಗಸು ತಲೆ ಇಟ್ಟಳು. ಇಟ್ಟಳೋ ಇಲ್ಲವೋ, ನಿದ್ದೆ. ದೇವೀರಿ ಬಾಗಿಲಲ್ಲಿ ಕೂತು ಸೆರಗಿನಿಂದ ಅವಳಿಗೆ ಗಾಳಿ ಹಾಕಿದಳು. ಒಂದು ಕೈ ಬೀಸುತ್ತಿತ್ತು, ಇನ್ನೊಂದು ಕೈ ಬಾಯಿ ಮುಚ್ಚಿಕೊಂಡಿತ್ತು. ಇದ್ದ ಒಂದು ಅವಕಾಶ ಅಲ್ಲಿ ಕಣ್ಣೆದುರೇ ಗೊರಕೆ ಹೊಡೆಯುತ್ತಿತ್ತಲ್ಲ! ಹೊರಗೆ ನೆರಳುಗಳು ಮಲಗಿದ್ದವು. ಕೆರೆಯ ಕಡೆಯಿಂದ ಜೊಂಡಿನ ಸದ್ದು ಬಂತು, ಯಾರೋ ನಡುವೆ ದಾರಿ ಮಾಡಿಕೊಂಡು ಬರುತ್ತಿರುವ ಹಾಗೆ.

ಹೊತ್ತು ಇಳಿಯುವಾಗ ಆ ಹೆಂಗಸು ಎದ್ದಳು. ಮುಖ ತೊಳೆದಿಟ್ಟ ಹಾಗಿತ್ತು.

"ಸಿಕ್ಕರು" ಅಂದಳು. "ನನ್ನ ಯಜಮಾನರು ಸಿಕ್ಕರು. ಆಚೆ ದಡದಲ್ಲಿ ನಿಂತಿದ್ದರು. ನಡುವೆ ಅಷ್ಟು ಅಗಲ ನೀರು. ನೀರು ನೋಡಿ ನಾನು ಹೆದರಿ ಕೂಗಿಕೊಂಡೆ. ಆಗ ಒಬ್ಬಳು ಹುಡುಗಿ ಹರಿಗೋಲು ಹಾಕಿಕೊಂಡು ಬಂದಳು ನೋಡಿ. 'ಹತ್ತು ಚಿಕ್ಕಮ್ಮ, ಹೆದರಬೇಡ, ದಿನಾ ಎಷ್ಟೋ ಜನರನ್ನ ದಾಟಿಸ್ತೀನಿ' ಅಂದಳು. ಏನು ಗಟ್ಟಿಗಿತ್ತಿ! ಒಂದು ಹನಿ ನೀರು ಒಳಗೆ ಬರದ ಹಾಗೆ ದಾಟಿಸಿದಳು."

"ಯಾರ ಹುಡುಗಿ?" ದೇವೀರಿಯ ಕೈ ಬೀಸುವುದು ನಿಂತಿತ್ತು.

"ನಾನೂ ಅದನ್ನೇ ಕೇಳಿದೆ. 'ಬಾಗಿಲಲ್ಲಿ ಕೂತು ನಿನಗೆ ಗಾಳಿ ಹಾಕ್ತಿದಾಳಲ್ಲ, ಅವಳ ಮಗಳು' ಅಂದಳು."

"ಎಷ್ಟೆತ್ತರ ಇದ್ದಳು?"

"ನಿಮ್ಮ ಎದೆಮಟ್ಟ ಬರ್ತಾಳೆ. ಲಂಗ ಮೊಣಕಾಲಿಗೆ ಬಂದಿತ್ತು, ಬೆಳೆಯೋ ಮಕ್ಕಳಿಗೆ ಆಗುತ್ತಲ್ಲ ಹಾಗೆ."

"ಎಷ್ಟೆತ್ತರ ಅಂದಿರಿ?"

"ಎದೆಮಟ್ಟ."

"ಇನ್ನೊಂದು ಸಲ ಹೇಳಿ."

ಆ ಹೆಂಗಸು ಎದ್ದು ಬಂದು, ದೇವೀರಿಯ ಎದೆಯ ಮೇಲೆ ಕೈ ಅಡ್ಡ ಇಟ್ಟು ತೋರಿಸಿದಳು. "ಇಷ್ಟು. ಆ ಹುಡುಗಿ ನಿಮಗೆ ಇನ್ನೊಂದು ಮಾತು ಹೇಳು ಅಂದಳು. 'ನನಗೀಗ ಕೈತುಂಬ ಕೆಲಸ ಅಂತ ಹೇಳು, ಅವ್ವನಿಗೆ ಗೊತ್ತಾಗುತ್ತೆ' ಅಂದಳು."

ಮೂರು ವರ್ಷ ದೇವೀರಿಯ ಮಡಿಲಲ್ಲಿ ಕೂತು ಕೂತು ಬೆಳೆಯದೇ ಉಳಿದಿದ್ದ ಕೂಸು, ಪರರ ಕನಸಿನಲ್ಲಿ ಎಂಟು ವರ್ಷದವಳಾಗಿದ್ದಳು. ದೇವೀರಿ ಅತ್ತಳಾ, ನಕ್ಕಳಾ? ಎರಡೂ ಬಂತು, ಯಾವುದು ಮೊದಲು ಬಂತು ಅಂತ ಬೆಟ್ಟಯ್ಯನ ಕಿವಿಗೂ ತಿಳಿಯಲಿಲ್ಲ.

ಅವಳು ಮನೆಗೆ ಹೋದಳು. ಒಲೆ ಹಚ್ಚಿದಳು. ಗಂಡ ಬಿಸಿ ಮುದ್ದೆ ನೋಡಿ, ಇದು ಯಾರ ಮನೆಗೆ ಬಂದುಬಿಟ್ಟೆ ಅಂತ ಹೊರಗೆ ಹೋಗಿ ಬಾಗಿಲು ನೋಡಿಕೊಂಡು ಬಂದ. ಮಾರನೇ ದಿನ ಬಿಸಿ ಸಾರಿನ ಗಡಿಗೆ ಹೊತ್ತುಕೊಂಡು ಕಾಣದವರ ಕೋಣೆಗೆ ಹೋದಳು. ಮಲಗುವುದಕ್ಕಲ್ಲ, ಎದ್ದವರಿಗೆ ಬಡಿಸುವುದಕ್ಕೆ. ಬಂದವರೆಲ್ಲ ಉಣ್ಣುತ್ತಾ ತಮ್ಮ ತಮ್ಮ ಕನಸು ಹೇಳುತ್ತಿದ್ದರು. ಕೆಲವರು ಹರಿಗೋಲಿನ ಹುಡುಗಿಯನ್ನು ನೋಡಿದ್ದರು, ಕೆಲವರು ನೋಡಿರಲಿಲ್ಲ. ನೋಡದವರಿಗೂ ಅವಳು ಅಷ್ಟೇ ಸಾರು ಬಡಿಸುತ್ತಿದ್ದಳು. ಸುಳ್ಳು ಯಾಕೆ, ನೋಡಿದವರಿಗೆ ಒಂದು ಸೌಟು ಜಾಸ್ತಿಯೇ ಬೀಳುತ್ತಿತ್ತು.

ಕೋಣೆಯಲ್ಲಿದ್ದ ಕಸವನ್ನೆಲ್ಲ ಹೊತ್ತುಕೊಂಡು ಹೋಗಿ ಯಾರ್ಯಾರ ಮನೆಯದೋ ಅವರವರ ಜಗಲಿಯ ಮೇಲಿಟ್ಟು ಬಂದಳು. "ಕಾಣದವರಿಗೆ ಬೇಡವಂತೆ" ಅಂತಷ್ಟೇ ಅಂದಳು. ಊರು ನಾಚಿಕೊಂಡಿತು. ನಾಚಿಕೊಂಡ ಮೇಲೆ ಕಟ್ಟಳೆಗೆ ಇನ್ನೊಂದು ಕಟ್ಟಳೆ ಸೇರಿಸಿತು. ಏನದು? ಮೂರನೇ ಪಾಲು ಹೇಳುವಾಗ ಹೇಳುವವರ ಗಂಟಲು ಕಟ್ಟಬೇಕು. ಗಂಟಲು ಕಟ್ಟದೆ ಸಲೀಸಾಗಿ ಹೇಳಿ ಮುಗಿಸಿದರೆ, "ಇದಲ್ಲ, ಮನೆಗೆ ಹೋಗಿ ಇನ್ನೊಂದು ಸಲ ಯೋಚಿಸಿಕೊಂಡು ಬಾ" ಅಂತ ಬೆಲ್ಲವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಕೆಲವರು ಮೂರು ಸಲ ಹೋಗಿ ಬಂದರಂತೆ. ಆ ಊರಿನ ದಾರಿಹೋಕರಷ್ಟು ಸುಖವಾಗಿ ಮಲಗಿದವರು ಲೋಕದಲ್ಲಿ ಇನ್ನಿಲ್ಲವಂತೆ.

ಅವರು ಅಲ್ಲಿ ಮಲಗಿದರು, ನಾವು ಇಲ್ಲಿ ಎದ್ದು ಕೂತೆವು. ಕೇಳಿದ ಕಿವಿ ತಣ್ಣಗಿರಲಿ, ಹೇಳಿದ ಬಾಯಿಗೆ ಒಂದು ಲೋಟ ಮಜ್ಜಿಗೆ ಬರಲಿ, ನಡುವೆ ಓಡಾಡಿದ ಕತೆ ಇನ್ನೊಂದು ಮನೆಗೆ ಹೋಗಲಿ. ಮುಗೀತು. ಜಯಶೀಲಕ್ಕ, ಇಷ್ಟು ಹೊತ್ತಿಗೆ ಇಷ್ಟೇನಾ ಅವರೆಕಾಳು? ಕೊಡಿ ಇತ್ತ ಮೊರ.

ಏನು ಪುಟ್ಟಿ? ಕತೆ ಮುಗಿದ ಮೇಲೆ ಎಷ್ಟು ಬೇಕಾದರೂ ಕೇಳು ಅಂದಿದ್ದೆ ಅಲ್ಲವಾ, ಕೇಳು ಈಗ. ಗಟ್ಟಿಯಾಗಿ ಕೇಳು, ನನ್ನ ಸೆರಗಿನೊಳಗೆ ಮುಖ ಇಟ್ಟುಕೊಂಡು ಗೊಣಗಿದರೆ ಹೇಗೆ ಕೇಳಿಸುತ್ತೆ?

"ಅಮ್ಮಾ, ನೀನು ಚಾವಡಿಯಲ್ಲಿ ನಿಂತರೆ, ಏನು ಕೊಡ್ತೀನಿ ಅನ್ನುವಾಗ ನಿನ್ನ ಗಂಟಲು ಕಟ್ಟುತ್ತೆ?"